ಸವರಿದ ಗಿಡ

ನನಗೆ ಗಿಡ ಸಾಕುವುದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ನಮ್ಮಪ್ಪ ಮಾಲಿಯಾಗಿದ್ದರು, ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ದೊಡ್ಡ ಬಂಗಲೆಯಲ್ಲಿ ಮೂವತ್ತು ವರ್ಷ ಗುಲಾಬಿ ನೋಡಿಕೊಂಡವರು ಅಂತ ಹೇಳಿದ ಕೂಡಲೇ ಜನ ನನಗೂ ಆ ಕೈಗುಣ ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಜಂಬದಲ್ಲೇ ಒಂದು ಗಿಡದ ಇಡೀ ವರ್ಷವನ್ನು ಹಾಳು ಮಾಡಿದೆ. ಗಿಡದ್ದು ಮಾತ್ರವಾ ಎಂದರೆ, ಅಲ್ಲ. ಅದನ್ನೇ ಬರೆಯಲು ಕೂತಿದ್ದೇನೆ. ಇವತ್ತು ಭಾನುವಾರ. ಮನೆಯಲ್ಲಿ ನಾನೊಬ್ಬನೇ. ಬೆಳಗಿನಿಂದ ಯಾರ ಹತ್ತಿರವೂ ಒಂದು ಮಾತು ಆಡಿಲ್ಲ.

ಗಿಡದ ಹೆಸರು ಹೈಡ್ರೇಂಜಿಯಾ. ಮೂಲದಲ್ಲಿ ಜಪಾನಿನ ಕಡೆಯದಂತೆ. ಹನ್ನೆರಡು ವರ್ಷದ ಹಿಂದೆ ಊಟಿಗೆ ಹೋದಾಗ ನನ್ನ ಹೆಂಡತಿ ರಸ್ತೆ ಬದಿಯ ಒಂದು ನರ್ಸರಿಯಲ್ಲಿ ಅದನ್ನು ನೋಡಿ ನಿಂತವಳು ಅಲ್ಲಿಂದ ಕದಲಲಿಲ್ಲ. ಪುಟ್ಟ ಪುಟ್ಟ ನಾಲ್ಕೆಸಳಿನ ಹೂಗಳು ನೂರಾರು ಸೇರಿ ಒಂದು ಹೂಕೋಸಿನಷ್ಟು ದಪ್ಪದ ಗೊಂಚಲು, ಅದೂ ನೀಲಿ. "ಹೂವಿಗೆ ಇಂಥಾ ನೀಲಿ ಇರ್ತೈತಿ ಅಂತ ನನಗ ಗೊತ್ತ ಇರಲಿಲ್ರಿ," ಅಂದಳು. ಬೆಂಗಳೂರು ಮುಟ್ಟುವ ತನಕ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು. ನಾನು ಕಿಟಕಿ ಪಕ್ಕ ಕೂತು, ಇಲ್ಲದ ಉಸಾಬರಿ ಯಾಕೆ ಬೇಕಿತ್ತು ಅಂತ ಗೊಣಗುತ್ತಾ ಬಂದೆ.

ಲಿಂಗರಾಜಪುರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಪೂರ್ವಕ್ಕೆ ಬಾಲ್ಕನಿ. ಈ ಗಿಡಕ್ಕೆ ಬೇಕಾಗಿರುವುದು ಅದೇ. ಬೆಳಗಿನ ಎಳೆ ಬಿಸಿಲು ಸಾಕು, ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆಗಳೆಲ್ಲ ಜೋತುಬಿದ್ದು ಈಗಲೋ ಆಗಲೋ ಸತ್ತೇ ಹೋಗುತ್ತೇನೆ ಅಂತ ನಾಟಕ ಮಾಡುತ್ತದೆ. ಸಂಜೆ ನೀರು ಹಾಕಿದರೆ ಏನೂ ಆಗಿಲ್ಲವೇನೋ ಅನ್ನುವಂತೆ ನೆಟ್ಟಗಾಗುತ್ತದೆ. ಕೆಮ್ಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ಅವಳು ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿದಳು. ಮಾರನೇ ವರ್ಷ ಮೇ ತಿಂಗಳಲ್ಲಿ, ಮೊದಲ ಮಳೆ ಬಿದ್ದ ಮೇಲೆ ಹೂ ಬಿಟ್ಟಿತು. ಬಿಟ್ಟಿದ್ದು ಗುಲಾಬಿ ಬಣ್ಣ.

ಅವಳಿಗೆ ಅಳುವೇ ಬಂತು. ಆಮೇಲೆ ವಿಚಾರಿಸಿ ತಿಳಿದುಕೊಂಡಳು. ಮಣ್ಣಿನಲ್ಲಿ ಹುಳಿ ಇದ್ದರೆ ಹೂ ನೀಲಿ, ಸುಣ್ಣ ಇದ್ದರೆ ಗುಲಾಬಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಎಷ್ಟು ಸುಣ್ಣವಿದೆ ಅಂತ ತಿಳಿಯಲು ನಮ್ಮ ಬಚ್ಚಲಿನ ಬಕೆಟ್ಟನ್ನು ನೋಡಿದರೆ ಸಾಕು. ಅಂದಿನಿಂದ ಅವಳು ಕಾವೇರಿ ನೀರು ಬರುವ ದಿನ ಅದಕ್ಕೆಂದೇ ಒಂದು ಕೊಡ ಹಿಡಿದಿಟ್ಟಳು. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುತ್ತಾರಲ್ಲ, ಆ ಪಟಿಕವನ್ನು ನೀರಿಗೆ ಕರಗಿಸಿ ಹಾಕಿದಳು. ಚಹಾದ ಚರಟ ಹಾಕಿದಳು, ತುಕ್ಕು ಹಿಡಿದ ಮೊಳೆಗಳನ್ನು ಹೂತಳು. ಹನ್ನೊಂದು ಸಲ ಹೂ ಬಿಟ್ಟಿತು, ಹನ್ನೊಂದು ಸಲವೂ ಗುಲಾಬಿಯೇ. ಒಂದು ವರ್ಷ ಮಾತ್ರ ಒಂಚೂರು ನೇರಳೆಗೆ ತಿರುಗಿ ಅವಳ ಆಸೆ ಹೆಚ್ಚಿಸಿತು. ನಾನು ಪ್ರತಿ ವರ್ಷ ಕೇಳುತ್ತಿದ್ದೆ, "ಏನೇ, ಈ ಸಲ ನೀಲಿನಾ?" ಅಂತ. ಕೇಳುವಾಗ ನಗು ಬರುತ್ತಿತ್ತು. ಅವಳಿಗೆ ಬರುತ್ತಿರಲಿಲ್ಲ ಅನ್ನುವುದು ಈಗ ಗೊತ್ತಾಗುತ್ತದೆ.

ನನ್ನ ಕೆಲಸ ಶಿವಾಜಿನಗರದ ಒಂದು ಚಿಕ್ಕ ಪ್ರೆಸ್ಸಿನಲ್ಲಿ. ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡು ಮಾಡುವ ಜಾಗ. ಕನ್ನಡದ ಕಾರ್ಡುಗಳನ್ನು ಟೈಪು ಮಾಡಿ ತಿದ್ದುವವನು ನಾನು. ಉರ್ದುವಿನದು ನನ್ನ ಪಕ್ಕದ ಮೇಜಿನ ಭಾಯಿಯದು. ಅವರು ನನಗಿಂತ ಹಿರಿಯರು, ತಾಳ್ಮೆಯವರು. ನಾನು ಸಿಡುಕ. ಅಲ್ಪಪ್ರಾಣ ಮಹಾಪ್ರಾಣದ ಗೊಡವೆಯೇ ಇಲ್ಲದೆ ಬರೆದು ತರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಪದ ಹೆಚ್ಚಾಗಿ ಕಂಡರೆ ಹೊಡೆದುಹಾಕುವುದು ನನ್ನ ಅಭ್ಯಾಸ. ಮನೆಯಲ್ಲೂ ನನ್ನ ಮಾತು ಅಷ್ಟೇ. ಎರಡು ಪದದಲ್ಲಿ ಮುಗಿಯುವುದಕ್ಕೆ ಮೂರನೆಯದನ್ನು ನಾನು ಖರ್ಚು ಮಾಡಿದವನಲ್ಲ.

ಅವಳು ಸಿಕ್ಕಿದ್ದೂ ಪ್ರೆಸ್ಸಿನಲ್ಲೇ. ಗದಗದ ಕಡೆಯಿಂದ ಬಂದು ನಮ್ಮ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವದ ಕಾರ್ಡು ಮಾಡಿಸಲು ಬಂದು, ನಾನು ತಿದ್ದಿ ಮುಗಿಸಿದ್ದ ಪ್ರತಿಯನ್ನು ಓದಿ, ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದಳು. "ಇಲ್ಲೆ ಒತ್ತು ಬಿಟ್ಟೀರಿ ನೋಡ್ರಿ," ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ನೋಡಿದರೆ ಒತ್ತು ನಿಜವಾಗಿಯೂ ಬಿಟ್ಟಿದ್ದೆ. ಒಂದು ವರ್ಷದ ಮೇಲೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು. ಭಾಯಿ ಸಾಕ್ಷಿ ಹಾಕಿದರು.

ನಮ್ಮದು ಕೆ.ಆರ್. ಪುರದ ಆಚೆಯ ಊರು, ಊರಿನ ಹೊರಗಿನ ಕೇರಿ. ಅಪ್ಪ ಕೊನೆಗಾಲದಲ್ಲಿ ಗೋಡೆಗೆ ಬುದ್ಧನ ಪಟ ಹಾಕಿಕೊಂಡು ನೆಮ್ಮದಿಯಾಗಿದ್ದರು. ಅವಳದು ಮಡಿವಂತರ ಮನೆ. ಅವಳ ಅಣ್ಣ ಒಂದೇ ಒಂದು ಸಲ ನಮ್ಮ ಬೀದಿಗೆ ಬಂದು, ಮೆಟ್ಟಿಲು ಹತ್ತದೆ ಕೆಳಗೇ ನಿಂತು ಅವಳ ಹತ್ತಿರ ಮಾತಾಡಿ ಹೋದರು. ನನ್ನ ಕಡೆ ನೋಡಲಿಲ್ಲ. ಅವಳ ಅವ್ವ ಮಾತ್ರ ಕದ್ದು ಫೋನ್ ಮಾಡುತ್ತಿದ್ದರು. ಮಕ್ಕಳಾಗಲಿಲ್ಲ. ಇಪ್ಪತ್ತು ವರ್ಷ ನಾವಿಬ್ಬರೇ ಇದ್ದೆವು.

ಇಬ್ಬರೇ ಇದ್ದರೂ ಮನೆಯಲ್ಲಿ ಕನ್ನಡ ಎರಡಿತ್ತು. ಅವಳು ಮೊಗ್ಗಿಗೆ ಮಗ್ಗಿ ಅನ್ನುತ್ತಿದ್ದಳು. "ಮಗ್ಗಿ ಬಂದಾವ ನೋಡ್ರಿ," ಅಂತ ಬಾಲ್ಕನಿಯಿಂದ ಕೂಗಿದರೆ ನಾನು ಒಳಗಿನಿಂದ "ಎಷ್ಟರ ಮಗ್ಗಿ?" ಅನ್ನುತ್ತಿದ್ದೆ. ಅವಳ ಛಲೋಗೂ ನನ್ನ ಚೆನ್ನಾಗಿಗೂ ದಿನಾ ಜಗಳ. ಒಬ್ಬರ ಪದ ಇನ್ನೊಬ್ಬರಿಗೆ ಅರ್ಥವಾಗದೆ ಏನಾದರೂ ಕೆಟ್ಟಿದ್ದು ಮಾತ್ರ ಇರಲಿಲ್ಲ. ಕೆಟ್ಟಿತು, ಹೋದ ವರ್ಷ.

ನವೆಂಬರಿನಲ್ಲಿ ಅವಳ ಅವ್ವನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅಣ್ಣ ತಾವಾಗಿ ಫೋನ್ ಮಾಡಿ ಬಾ ಅಂದರು. ಅವಳನ್ನು ಮಾತ್ರ. ಶಾಲೆಗೆ ರಜೆ ಬರೆದುಕೊಟ್ಟು ಅವಳು ಹೊರಟಳು. ನಾನೂ ಬರುತ್ತೇನೆ ಅಂದಿದ್ದಕ್ಕೆ, "ಬ್ಯಾಡ್ರಿ, ಬಾಗಿಲದಾಗ ಏನರ ಅಂದ್ರ ಅವ್ವಗ ತ್ರಾಸ ಆಗ್ತೈತಿ," ಅಂದಳು. ಆ ಮನೆಯ ಹೊಸಿಲನ್ನು ನಾನು ಇವತ್ತಿಗೂ ದಾಟಿಲ್ಲ.

ಚೀಲ ತುಂಬುತ್ತಾ, ಆಟೋ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿರುವಾಗ, ಗಿಡದ ಬಗ್ಗೆ ಹೇಳಿದಳು. "ದಿನಾ ಮುಂಜಾನೆ ನೀರ ಹಾಕ್ರಿ. ಬೋರಿನ ನೀರ ಬ್ಯಾಡ. ಆಗಾಗ ಸವರಕೋಂತ ಇರ್ರಿ, ಮರೀಬ್ಯಾಡ್ರಿ."

"ಮಾಲಿ ಮಗನಿಗೆ ಇದನ್ನೆಲ್ಲಾ ಹೇಳ್ಬೇಕಾ?" ಅಂದೆ.

"ಹೂ ಬಿಡೂದ್ರೊಳಗ ಬಂದಬಿಡ್ತೀನಿ," ಅಂದು ಮೆಟ್ಟಿಲು ಇಳಿದಳು.

ಹೂ ಬಿಡುವುದು ಮೇ ತಿಂಗಳಲ್ಲಿ. ಅಂದರೆ ಆರು ತಿಂಗಳು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದಿನ ಕಳೆದಂತೆ ಆ ಮಾತು ನನ್ನ ತಲೆಯಲ್ಲಿ ತಾನೇ ತಿರುಗಿಕೊಂಡು, ಹೂ ಬಿಟ್ಟರೆ ಬರುತ್ತಾಳೆ ಅಂತ ಆಯಿತು.

ಒಬ್ಬನೇ ಇರುವುದು ಕಷ್ಟ ಅಂತ ನಾನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಕಷ್ಟವಾಗಿದ್ದು ಮಾತ್ರ ನಿಜ. ಅಳತೆ ಗೊತ್ತಿಲ್ಲದೆ ಇಬ್ಬರಿಗಾಗುವಷ್ಟು ಅನ್ನ ಮಾಡಿ ಎರಡು ಹೊತ್ತೂ ಅದನ್ನೇ ತಿನ್ನುತ್ತಿದ್ದೆ. ಪೇಪರಿನಲ್ಲಿ ತಪ್ಪು ಕಂಡರೆ ಮೊದಲು ಜೋರಾಗಿ ಓದಿ ಹೇಳುತ್ತಿದ್ದವನು, ಈಗ ಓದಿ ತಲೆ ಎತ್ತುವಷ್ಟರಲ್ಲಿ ಎದುರಿಗೆ ಖಾಲಿ ಕುರ್ಚಿ. ಕೆಲವು ಸಂಜೆ ಪ್ರೆಸ್ ಮುಚ್ಚಿದ ಮೇಲೂ ಭಾಯಿ ಹೊರಡುವ ತನಕ ಸುಮ್ಮನೆ ಕೂತಿರುತ್ತಿದ್ದೆ. ಮನೆಗೆ ಬಂದು ಬೀಗ ತೆಗೆಯುವ ಸದ್ದು ನನಗೆ ಬೇಡವಾಗಿತ್ತು.

ಅವಳು ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಸುತ್ತ ಜನ ಇರುತ್ತಿದ್ದುದರಿಂದ ದನಿ ತಗ್ಗಿಸಿ, ಚುಟುಕಾಗಿ. ಅವ್ವನಿಗೆ ಹೇಗಿದೆ ಅಂತ ನಾನು ಕೇಳುವುದು, ಹಾಗೇ ಇದೆ ಅಂತ ಅವಳು ಹೇಳುವುದು. ಆಮೇಲೆ ಅವಳ ಪ್ರಶ್ನೆ ಒಂದೇ, "ಗಿಡ ಹೆಂಗೈತ್ರಿ?" ನಾನು ಹೇಗಿದ್ದೇನೆ ಅಂತ ಕೇಳುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಆ ಗಿಡದ ಮೇಲೆ ಹೊಟ್ಟೆಕಿಚ್ಚು ಬಂದಿತ್ತು.

ಜನವರಿಯ ಚಳಿಗೆ ಗಿಡದ ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು. ಉಳಿದಿದ್ದು ಕಂದು ಬಣ್ಣದ ಹತ್ತು ಹನ್ನೆರಡು ಕಡ್ಡಿ, ತುದಿಯಲ್ಲಿ ಒಂದೊಂದು ದಪ್ಪ ಗಂಟು. ನೋಡಿದರೆ ಒಣಗಿದ ಸೌದೆ. ಆಗ ಅವಳ ಮಾತು ನೆನಪಾಯಿತು. ಸವರಬೇಕು. ಆಗಾಗ ಅಂದಿದ್ದಳು, ನಾನು ಎರಡು ತಿಂಗಳಾದರೂ ಒಮ್ಮೆಯೂ ಸವರಿರಲಿಲ್ಲ.

ನಮ್ಮ ಕಡೆ ಸವರುವುದು ಅಂದರೆ ಕತ್ತರಿಸುವುದು. ಬೇಲಿ ಸವರುತ್ತಾರೆ, ಕೊಂಬೆ ಸವರುತ್ತಾರೆ. ನಮ್ಮಪ್ಪ ಸಂಜೆ ಮನೆಗೆ ಬಂದು "ಇವತ್ತು ಗುಲಾಬಿ ಎಲ್ಲಾ ಸವರ್ಬಿಟ್ಟೆ" ಅಂದರೆ, ಇನ್ನು ಒಂದೂವರೆ ತಿಂಗಳಿಗೆ ಆ ಬಂಗಲೆ ತುಂಬಾ ಹೂ ಅಂತ ಅರ್ಥ. ಗುಲಾಬಿಯನ್ನು ಸವರಿದಷ್ಟೂ ಹೊಸ ಚಿಗುರು, ಹೊಸ ಚಿಗುರಿನಲ್ಲೇ ಹೂ. ಆ ಒಂದು ವಿದ್ಯೆಯಷ್ಟೇ ನನಗೆ ಬರುತ್ತಿದ್ದುದು. ಅಟ್ಟದ ಮೇಲಿನಿಂದ ಅಪ್ಪನ ಕತ್ತರಿ ತೆಗೆದು ಎಣ್ಣೆ ಬಿಟ್ಟು ಉಜ್ಜಿದೆ. ಸಂಕ್ರಾಂತಿಯ ಮಾರನೇ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು, ಒಂದೊಂದು ಕಡ್ಡಿಯನ್ನೂ ಬುಡದಿಂದ ಒಂದು ಗೇಣು ಬಿಟ್ಟು, ಓರೆಯಾಗಿ, ಅಪ್ಪ ಮಾಡುತ್ತಿದ್ದ ಹಾಗೇ ಕತ್ತರಿಸಿದೆ. ತುಂಬಾ ದಿನಗಳ ಮೇಲೆ ಮನಸ್ಸಿಗೆ ಹಿತವಾಗಿತ್ತು. ಅವಳಿಗೋಸ್ಕರ ಏನೋ ಮಾಡುತ್ತಿದ್ದೇನೆ ಅನ್ನಿಸಿತು. ಕತ್ತರಿಸಿದ ತುಂಡುಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಕೊಟ್ಟೆ.

ಅವತ್ತೇ ಅವಳ ಫೋನ್ ಬಂತು.

"ಗಿಡ ಸವರಿದೆ ಕಣೇ," ಅಂದೆ.

"ಖರೇನ? ನೆನಪಿಟ್ಟ ಸವರಿದ್ರಿ?" ಅವಳ ದನಿಯಲ್ಲಿ ಖುಷಿ ಇತ್ತು.

"ಒಂದನ್ನೂ ಬಿಟ್ಟಿಲ್ಲ."

"ಮೆತ್ತಗ ಸವರೀರಿ ಇಲ್ಲೋ?"

"ಮೆತ್ತಗೆ ಯಾಕೆ? ನಮ್ಮಪ್ಪ ಸವರ್ತಿದ್ದ ಹಂಗೇ ಸವರಿದೀನಿ," ಅಂತ ನಕ್ಕೆ.

ಅವಳೂ ನಕ್ಕಳು. ಆಮೇಲೆ, "ಸಂಕ್ರಮಣಕ್ಕ ಒಬ್ರ ಏನ ಮಾಡಿದ್ರಿ?" ಅಂತ ಕೇಳಿದಳು.

"ಏನ್ ಮಾಡೋದು? ಮದುವೆ ಕಾರ್ಡ್ ಶುರು ಆಗಿದೆ. ಕೆಲಸ ಇತ್ತು."

"ವೈನಿ ಅವ್ವನ್ನ ಛಲೋ ನೋಡ್ಕೊಳ್ಳಾಕ ಹತ್ಯಾಳ," ಅಂದಳು. ವೈನಿ ಅಂದರೆ ಅವಳ ಅತ್ತಿಗೆ.

"ಒಳ್ಳೇದಾಯ್ತು," ಅಂದೆ.

ಮತ್ತೆ ಏನೋ ಹೇಳುವವಳ ಹಾಗೆ ತಡೆದಳು. ನಾನು ಕೇಳಲಿಲ್ಲ. ಮಾತು ಮುಗಿಯಿತು.

ಫೆಬ್ರವರಿಗೆ ಗಿಡ ಚಿಗುರಿತು. ಏನು ಚಿಗುರು ಅಂತೀರಿ, ಅಂಗೈಯಷ್ಟು ಅಗಲದ ಎಲೆ, ಕಪ್ಪುಹಸಿರು, ಕುಂಡವೇ ಕಾಣದಷ್ಟು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಪ್ರೆಸ್ಸಿನಲ್ಲಿ ಭಾಯಿಗೆ ದಿನಾ ಅದರದೇ ವರದಿ. ಏಪ್ರಿಲಿನಲ್ಲಿ ಅವಳು ಕೇಳಿದಳು, "ಮಗ್ಗಿ ಬಂದಾವೇನ್ರಿ?" ಇನ್ನೂ ಇಲ್ಲ ಅಂದೆ. ಮತ್ತೆ ಕೇಳಿದಳು. ಇನ್ನೂ ಇಲ್ಲ ಅಂದೆ. ಮೇ ಬಂತು, ಮೊದಲ ಮಳೆಯೂ ಬಂತು. ಎಲೆಯ ಮೇಲೆ ಎಲೆ, ಮೊಗ್ಗಿನ ಸುಳಿವಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಹೋಗಿ ಒಂದೊಂದೇ ತುದಿಯನ್ನು ಬಿಡಿಸಿ ನೋಡುತ್ತಿದ್ದೆ. ಆಗಲೇ ನನಗೆ ಹೆದರಿಕೆ ಹತ್ತಿತ್ತು.

ಒಂದು ರೆಂಬೆ ಮುರಿದುಕೊಂಡು ಹಲಸೂರು ಕೆರೆಯ ಹತ್ತಿರದ ಒಂದು ನರ್ಸರಿಗೆ ಹೋದೆ. ಅಲ್ಲಿನ ಹೆಂಗಸು ರೆಂಬೆಯನ್ನು ತಿರುಗಿಸಿ ನೋಡಿದರು.

"ಇದನ್ನ ಕಟ್ ಮಾಡಿದ್ರಾ ಸಾರ್? ಯಾವಾಗ?"

"ಜನವರೀಲಿ."

"ಪೂರಾ ಕಟ್ ಮಾಡಿದ್ರಾ?"

"ಹೂಂ. ಒಂದು ಗೇಣು ಬಿಟ್ಟು."

"ಇದು ರೋಜಾ ಅಲ್ಲ ಸಾರ್. ಇದಕ್ಕೆ ಹಳೇ ಕಡ್ಡೀಲೇ ಹೂ. ಹೋದ ವರ್ಷದ ಕಡ್ಡಿ ತುದೀಲಿ ಗಂಟು ಗಂಟು ಇರುತ್ತಲ್ಲ, ಅದ್ರೊಳಗೇ ಹೂ ಮಲ್ಕೊಂಡಿರುತ್ತೆ. ಅದನ್ನೇ ಎಸ್ದ್‌ಬಿಟ್ಟಿದೀರ. ಈ ವರ್ಷ ಇಲ್ಲ ಬಿಡಿ, ಮುಂದಿನ್ ವರ್ಷ ನೋಡಿ."

ಅಲ್ಲಿಂದ ಮನೆಯ ತನಕ ನಡೆದುಕೊಂಡೇ ಬಂದೆ. ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು, ಅದೂ ಅವಳ ಮೇಲೆ. ಸವರು ಅಂದವಳು ಅವಳು ತಾನೇ? ಹನ್ನೆರಡು ವರ್ಷ ಸಾಕಿದವಳಿಗೆ ಇದನ್ನು ಸವರಬಾರದು ಅಂತ ಗೊತ್ತಿರಬೇಡವೇ? ಫೋನ್ ಬರಲಿ, ಇವತ್ತು ಕೇಳಿಯೇ ಬಿಡುತ್ತೇನೆ ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ.

ಫೋನ್ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, "ಎಲಿ ಸವರಾಕ ಹತ್ತೀರಿಲ್ಲೋ? ರಸ್ತೆ ಅಗದಾರಂತ ಅಂದಿದ್ರಿ. ಆ ಧೂಳ ಕುಂತ್ರ ಗಿಡಕ್ಕ ಉಸಿರ ಹಿಡದಂಗ ಆಗ್ತೈತಿ. ಹಸಿ ಅರಿವೀಲೆ ಮೆತ್ತಗ ಸವರ್ರಿ, ನಾ ಸವರತಿದ್ನಲ್ಲ, ಹಂಗ."

ನಾನು ಕುರ್ಚಿಯಲ್ಲಿ ಕೂತೆ.

ಅವಳಿಗೆ ಸವರುವುದು ಅಂದರೆ ಮೆಲ್ಲಗೆ ಕೈಯಾಡಿಸುವುದು. ಒದ್ದೆ ಬಟ್ಟೆಯಿಂದ ಎಲೆಯ ಧೂಳು ತೆಗೆಯುವುದು. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು. ಮೂರು ಅಡಿ ದೂರದಲ್ಲಿ ನಾನು ಪೇಪರ್ ಹಿಡಿದು ತಪ್ಪು ಹುಡುಕುತ್ತಾ ಕೂತಿರುತ್ತಿದ್ದೆ. ಅವಳ ಹಳೆಯ ಹಳದಿ ಸೀರೆಯ ತುಂಡೊಂದು ಬಾಲ್ಕನಿಯ ಕಂಬಿಯ ಮೇಲೆ ಒಣಗುತ್ತಿದ್ದುದು ಗೊತ್ತಿತ್ತು. ಅದು ಯಾತಕ್ಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಹೋದ ಮೇಲೆ ಅದರಲ್ಲಿ ಸ್ಕೂಟರ್ ಒರೆಸುತ್ತಿದ್ದೆ.

"ಮಗ್ಗಿ ಬಂದಾವೇನ್ರಿ?" ಅವಳು ಕೇಳಿದಳು.

"ಬಂದಿವೆ," ಅಂದೆ.

ಯಾಕೆ ಹಾಗಂದೆನೋ. ಇಲ್ಲ ಅಂದರೆ ಯಾಕೆ ಇಲ್ಲ ಅಂತ ಕೇಳುತ್ತಾಳೆ, ಹೇಳಿದರೆ ಈ ವರ್ಷ ಹೂವಿಲ್ಲ ಅಂತ ಆಗುತ್ತದೆ, ಹೂವಿಲ್ಲದಿದ್ದರೆ ಅವಳು ಬರುವುದಿಲ್ಲ. ಇಷ್ಟನ್ನೂ ಒಂದು ಕ್ಷಣದಲ್ಲಿ ಲೆಕ್ಕ ಹಾಕಿರಬೇಕು. "ಹೌದಾ? ಬಿಟ್ಟಕೂಡ್ಲೆ ಫೋಟೋ ಕಳಸ್ರಿ," ಅಂದಳು. ಅವಳು ಅಷ್ಟು ಹುರುಪಿನಿಂದ ಮಾತಾಡಿ ತಿಂಗಳುಗಳಾಗಿದ್ದವು.

ಮಾರನೇ ದಿನ ಪ್ರೆಸ್ಸಿನ ಕಪಾಟಿನಿಂದ ದಪ್ಪ ನಿಘಂಟು ತೆಗೆದು ನೋಡಿದೆ. ಸವರು ಅನ್ನುವ ಪದಕ್ಕೆ ಕತ್ತರಿಸು ಅಂತಲೂ ಇತ್ತು, ನೇವರಿಸು ಅಂತಲೂ ಇತ್ತು, ಒಂದರ ಪಕ್ಕ ಒಂದು. ಇಬ್ಬರದೂ ಸರಿಯೇ. ಮೂವತ್ತು ವರ್ಷ ಪದಗಳನ್ನೇ ತಿದ್ದಿಕೊಂಡು ಬದುಕಿದವನಿಗೆ ಮನೆಯೊಳಗಿನ ಒಂದು ಪದ ಗೊತ್ತಿರಲಿಲ್ಲ. ನಾನು ಪುಸ್ತಕ ಮುಚ್ಚಿದ್ದು ಜೋರಾಯಿತೇನೋ, ಭಾಯಿ ಕನ್ನಡಕದ ಮೇಲಿನಿಂದ ನೋಡಿದರು.

ಎರಡು ವಾರ ತಳ್ಳಿದೆ. ಅವಳು ಪ್ರತಿ ಸಲ ಫೋಟೋ ಕೇಳುತ್ತಿದ್ದಳು. ಕೊನೆಗೊಂದು ಶನಿವಾರ ಊಟದ ಹೊತ್ತಿನಲ್ಲಿ ರಸೆಲ್ ಮಾರುಕಟ್ಟೆಯ ಹೂವಿನ ಸಾಲಿಗೆ ಹೋದೆ. ಮದುವೆ ಮಂಟಪಕ್ಕೆ ಸಿಂಗಾರ ಮಾಡುವವರು ಕೊಳ್ಳುವ ಹೊರಗಿನ ಹೂಗಳು ಅಲ್ಲಿ ಸಿಗುತ್ತವೆ. ಹೈಡ್ರೇಂಜಿಯಾ ಇತ್ತು. ಒಂದು ಬಕೆಟ್ಟಿನಲ್ಲಿ ಬಿಳಿ, ಒಂದರಲ್ಲಿ ನೀಲಿ. ಗುಲಾಬಿ ಬಣ್ಣದ್ದು ಮುಗಿದಿತ್ತು. ಬಿಳಿ ತಂದರೆ ತಕ್ಷಣ ಸಿಕ್ಕಿಬೀಳುತ್ತೇನೆ. ನೀಲಿ ನೋಡಿದಾಗ, ಇದನ್ನು ಕಂಡರೆ ಅವಳು ಅಲ್ಲಿ ನಿಲ್ಲುವುದೇ ಇಲ್ಲ, ಮಾರನೇ ದಿನದ ರೈಲಿಗೇ ಹತ್ತುತ್ತಾಳೆ ಅನ್ನಿಸಿತು. ಒಂದೇ ಒಂದು ಹೂ ಕೊಂಡೆ. ಪ್ರೆಸ್ಸಿಗೆ ಅದನ್ನು ಹಿಡಿದುಕೊಂಡು ಬಂದಾಗ ಭಾಯಿ ಕೇಳಿದರು, "ಯಾರ್ದು ಶಾದಿ?"

"ಯಾರದೂ ಇಲ್ಲ. ಮನೇಗೆ."

"ಭಾಭಿ ಬಂದ್ರಾ?"

"ಬರ್ತಾರೆ," ಅಂದೆ.

ಭಾನುವಾರ ಬೆಳಿಗ್ಗೆ ಹೂವಿನ ದಂಟನ್ನು ನಮ್ಮ ಗಿಡದ ಎಲೆಗಳ ಮಧ್ಯೆ ಸೇರಿಸಿ, ಕಾಣದ ಹಾಗೆ ಹಸಿರು ದಾರದಿಂದ ಕಟ್ಟಿ ಫೋಟೋ ತೆಗೆದೆ. ಅದಕ್ಕೂ ಮುಂಚೆ ಎಲೆಗಳನ್ನೆಲ್ಲ ಒರೆಸಿದ್ದೆ. ಮೊದಲ ಎರಡರಲ್ಲಿ ದಾರ ಕಾಣುತ್ತಿತ್ತು. ಮೂರನೆಯದನ್ನು ಕಳಿಸಿದೆ. ಜೊತೆಗೆ ಬರೆದೆ, "ಹೂ ಬಂತು." ಎರಡೇ ಪದ.

ಫೋನ್ ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಬಾಲ್ಕನಿಯಲ್ಲೇ ನಿಂತಿದ್ದೆ.

"ನೀಲಿ ಬಂದೈತಲ್ರಿ," ಅಂದಳು. "ಅವ್ವಗ ತೋರಿಸಿದ್ನಿ. ಆಕೀಗೂ ಖುಷಿ ಆತು. ಏನ ಹಾಕಿದ್ರಿ?"

"ಏನೂ ಇಲ್ಲ. ನೀನು ಹೇಳಿದ್ದೇ."

"ನಾ ಹನ್ನೆರಡ ವರ್ಷ ಹಾಕೀನಿ. ನನಗ ಒಮ್ಮೆರ ಬಂತಾ?" ಅಂದಳು. "ನಾ ಇಲ್ಲದಾಗನ ಅದಕ್ಕ ಛಲೋ ಆತು ನೋಡ್ರಿ."

ಹಾಗಲ್ಲ ಅನ್ನಬೇಕಿತ್ತು. ಅನ್ನಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

"ಇನ್ನ ಗಿಡದ ಚಿಂತಿ ನನಗಿಲ್ಲ," ಅಂದಳು. "ಇಲ್ಲೆ ಶಾಲ್ಯಾಗ ಒಂದ ವರ್ಷಕ್ಕ ಕಲಸಾಕ ಕರದಾರ್ರಿ. ಹೂಂ ಅಂದಬಿಡ್ತೀನಿ."

ಮಾರುಕಟ್ಟೆಯ ಹೂವನ್ನು ಚೊಂಬಿನಲ್ಲಿ ನೀರು ಹಾಕಿ ಇಟ್ಟೆ. ಮೂರನೇ ದಿನಕ್ಕೆ ಅದರ ಅಂಚು ಕಂದಾಯಿತು. ಆದರೂ ಎಸೆಯಲಿಲ್ಲ. ಅದು ಪೂರ್ತಿ ಒಣಗಿ ಕಾಗದದ ಹಾಗಾಗುವ ತನಕ ಅಡುಗೆಮನೆಯ ಕಟ್ಟೆಯ ಮೇಲೆ ಇತ್ತು. ಪಕ್ಕದಲ್ಲೇ ನಿಂತು ನಾನು ದಿನಾ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದೆ.

ಆಷಾಢದಲ್ಲಿ ಮದುವೆಗಳಿಲ್ಲ, ಪ್ರೆಸ್ಸಿನಲ್ಲಿ ಕೆಲಸವಿಲ್ಲ. ಖಾಲಿ ಕೂತರೆ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಪ್ರೆಸ್ಸಿನ ಹೊರಗೆ ಬಂದು ನಾನೇ ಫೋನ್ ಮಾಡಿದೆ. ನಾನಾಗಿ ಮಾಡುವುದು ಅಪರೂಪ. ಅವಳು ಗಾಬರಿಯಿಂದ ಎತ್ತಿದಳು.

ಎಲ್ಲವನ್ನೂ ಹೇಳಿದೆ. ಅಪ್ಪನ ಕತ್ತರಿ, ಕಸದ ಗಾಡಿಗೆ ಹೋದ ಕಡ್ಡಿಗಳು, ನರ್ಸರಿಯ ಹೆಂಗಸು, ಮಾರುಕಟ್ಟೆಯ ನೀಲಿ ಬಕೆಟ್ಟು, ಹಸಿರು ದಾರ. ನಾನು ಒಂದೇ ಸಮನೆ ಅಷ್ಟು ಮಾತಾಡಿದ್ದು ಅವಳು ಹಿಂದೆ ಕೇಳಿರಲಿಕ್ಕಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅವಳು ನಕ್ಕಳು. "ಕತ್ತರಿ ತಗೊಂಡ ಸವರಿದ್ರೇನ್ರಿ?" ಅಂತ ಕೇಳಿ ಮತ್ತೆ ನಕ್ಕಳು. ನಗು ನಿಂತ ಮೇಲೆ, "ಯಾಕ್ರೀ ಸುಳ್ಳ ಹೇಳಿದ್ರಿ?" ಅಂದಳು.

"ಹೂ ಬಂತು ಅಂದ್ರೆ ನೀನು ಬರ್ತೀಯ ಅಂತ."

"ನೀವು ಹೂ ಬಂತು ಅಂದ್ರಿ. ಬಾ ಅನ್ನಲಿಲ್ಲಲ್ರಿ."

ಶಿವಾಜಿನಗರದ ಬಸ್ಸುಗಳು ನನ್ನ ಪಕ್ಕದಲ್ಲೇ ಹೋಗುತ್ತಿದ್ದವು. ಒಂದು ಕಿವಿ ಮುಚ್ಚಿಕೊಂಡೆ.

"ಬಾ," ಅಂದೆ.

"ಈಗ ಹೆಂಗ ಬರ್ಲಿ?" ಅವಳ ದನಿ ಮೆತ್ತಗಾಗಿತ್ತು, ಸಿಟ್ಟಿರಲಿಲ್ಲ. "ಸಂಕ್ರಮಣದಾಗ ಅಂದಿದ್ರ ಬಂದಬಿಡ್ತಿದ್ನಿ. ಆವಾಗ ಅವ್ವ ವೈನಿ ಕೈಲೆ ಉಣ್ಣತಿದ್ಲು. ಈಗ ನಾ ತಿನ್ನಿಸಿದ್ರ ಅಷ್ಟ ಬಾಯಿ ತಗೀತಾಳ. ಸಂಕ್ರಮಣಕ್ಕ ನಾ ಚೀಲ ಕಟ್ಟಿ ಇಟ್ಟಿದ್ನಿ, ಗೊತ್ತೇನ್ರಿ?"

ಗೊತ್ತಿರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದೆ.

"ನೀವು ಗಿಡ ಸವರೀನಿ ಅಂತ ನಕ್ಕೋಂತ ಹೇಳಿದ್ರಲ್ಲ. ಒಬ್ರ ಇದ್ರೂ ಎಲ್ಲಾ ನಡದೈತಿ ಅನಸ್ತು. ಅವತ್ತ ಸಂಜೀಕ ಬಿಚ್ಚಿದ್ನಿ."

ನಾನು ಏನೋ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಅವಳ ಅವ್ವ ಕರೆದರು. ಪದ ತಿಳಿಯಲಿಲ್ಲ, ಬರೀ ದನಿ ಕೇಳಿಸಿತು. ಅವಳು ಅವರಿಗೆ ಬಂದೆ ಅಂದಳು. ಆಮೇಲೆ ನನಗೆ, "ಬರ್ತೀನ್ರಿ," ಅಂದಳು. ಫೋನ್ ಇಡುವಾಗ ಅವಳು ಯಾವಾಗಲೂ ಹೇಳುವುದು ಅದನ್ನೇ.